ಕರುಳಿನ ಗಂಟು, ಕೊರಳಿನ ಗಂಟು

ದೊಡ್ಡಕರುಳಿನ ಒಳಪದರದಲ್ಲಿ ನೂರಾರು, ಕೆಲವರಲ್ಲಿ ಸಾವಿರಾರು ಪಾಲಿಪ್‌ಗಳು ಮೂಡುವ ವಂಶಪಾರಂಪರ್ಯ ಕಾಯಿಲೆಗೆ ಫೆಮಿಲಿಯಲ್ ಅಡಿನೊಮ್ಯಾಟಸ್ ಪಾಲಿಪೋಸಿಸ್ ಎಂದು ಹೆಸರು. ವೈದ್ಯರು ಅದನ್ನು ಚಿಕ್ಕದಾಗಿ ಎಫ್‌ಎಪಿ ಎನ್ನುತ್ತಾರೆ. ಪಾಲಿಪ್ ಎಂದರೆ ಕರುಳಿನ ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಪುಟ್ಟ ಮಾಂಸದ ಗಂಟು. ಸುಮಾರು 10,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಪಾಲಿಪ್‌ಗಳು ಸರಾಸರಿ 16ನೆಯ ವಯಸ್ಸಿನ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ 50 ದಾಟುವಷ್ಟರಲ್ಲಿ ಬಹುತೇಕ ಎಲ್ಲರಲ್ಲೂ ಅವುಗಳಲ್ಲೊಂದು ಕ್ಯಾನ್ಸರ್ ಆಗಿ ತಿರುಗುತ್ತದೆ. ಇದೇ ಮನೆತನಗಳ ಕೆಲವರಲ್ಲಿ, ಅದರಲ್ಲೂ ಹರೆಯದ ಹೆಣ್ಣುಮಕ್ಕಳಲ್ಲಿ, ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲೂ ಕ್ಯಾನ್ಸರ್ ಹುಟ್ಟುತ್ತದೆ. ಕರುಳಿನ ಕಾಯಿಲೆ ಇರುವವರ ಕೊರಳನ್ನೂ ಕಾಲಕಾಲಕ್ಕೆ ಪರೀಕ್ಷಿಸುವ ಪದ್ಧತಿ ಬೆಳೆದದ್ದು ಈ ಕಾರಣದಿಂದ. ಆ ಪದ್ಧತಿಯ ಚರಿತ್ರೆಯಲ್ಲಿ ಯಂತ್ರಗಳಿಗಿಂತ ಮೊದಲು ಬರುವುದು ಮನೆತನದ ದಾಖಲೆ: ಯಾರ ಮಗ, ಯಾರ ಮಗಳು, ಯಾರು ಯಾವ ವಯಸ್ಸಿನಲ್ಲಿ ಏನಾಗಿ ತೀರಿಕೊಂಡರು ಎಂಬ ಬರಹ.

ಮನೆತನದ ಪುಸ್ತಕ

ಕರುಳಿನ ತುಂಬ ಗಂಟುಗಳಿದ್ದ ರೋಗಿಗಳ ವಿವರಣೆ ಯುರೋಪಿನ ವೈದ್ಯರ ಬರಹಗಳಲ್ಲಿ 18ನೆಯ ಶತಮಾನದಿಂದಲೇ ಸಿಗುತ್ತದೆ. ಅದು ಮನೆತನದಲ್ಲಿ ಹರಿದು ಬರುವ ಕಾಯಿಲೆ ಎಂಬ ಸುಳಿವು ಸಿಕ್ಕಿದ್ದು 1882ರಲ್ಲಿ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಹ್ಯಾರಿಸನ್ ಕ್ರಿಪ್ಸ್ ಒಡಹುಟ್ಟಿದ ಇಬ್ಬರಲ್ಲಿ ಒಂದೇ ಬಗೆಯ ಪಾಲಿಪ್‌ಗಳನ್ನು ಕಂಡು ಆ ವರ್ಷ ವರದಿ ಮಾಡಿದರು. 1890ರ ಹೊತ್ತಿಗೆ ಇಂಥ ಪಾಲಿಪ್‌ಗಳು ಕ್ಯಾನ್ಸರ್‌ಗೆ ತಿರುಗುವುದೂ ದಾಖಲಾಯಿತು. 1925ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಪರ್ಸಿ ಲಾಕ್‌ಹಾರ್ಟ್-ಮಮ್ಮರಿ ಮೂರು ಮನೆತನಗಳ ಕಥೆಯನ್ನು ಒಟ್ಟಿಗೆ ಇಟ್ಟು, ಕ್ಯಾನ್ಸರ್‌ಗೂ ಆನುವಂಶಿಕತೆಗೂ ಸಂಬಂಧವಿದೆ ಎಂದು ವಾದಿಸಿದರು.

ಅದೇ ಆಸ್ಪತ್ರೆಯಲ್ಲಿ 1924ರಲ್ಲಿ ಪಾಲಿಪೋಸಿಸ್ ಮನೆತನಗಳ ದಾಖಲೆ ಪುಸ್ತಕವೊಂದು ಆರಂಭವಾಗಿತ್ತು. ಅದರ ಹಿಂದೆ ಲಾಕ್‌ಹಾರ್ಟ್-ಮಮ್ಮರಿ ಅವರೊಂದಿಗೆ ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್ ಇದ್ದರು. ಡ್ಯೂಕ್ಸ್ ಕೈಕೆಳಗೆ ಪ್ರಯೋಗಾಲಯದ ಸಹಾಯಕನಾಗಿ ಸೇರಿದ ಹರೆಯದ ಎಚ್. ಜೆ. ಆರ್. ಬಸ್ಸಿ ಆ ಪುಸ್ತಕಕ್ಕೆ ತಮ್ಮ ಬದುಕನ್ನೇ ಕೊಟ್ಟರು. ಜಗತ್ತಿನಲ್ಲಿ ಈ ಬಗೆಯ ದಾಖಲಾತಿಗಳಲ್ಲಿ ಇದೇ ಮೊದಲನೆಯದು.

ಕೆಲಸದ ರೀತಿ ಸರಳವಾಗಿತ್ತು. ಒಬ್ಬ ರೋಗಿ ಬಂದರೆ ಆತನ ತಂದೆತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ಚಿಕ್ಕಪ್ಪ ಸೋದರತ್ತೆಯರ ಹೆಸರು ಕೇಳಿ ಬರೆದುಕೊಳ್ಳುವುದು. ತೀರಿಕೊಂಡವರ ಸಾವಿನ ಕಾರಣ ಹುಡುಕುವುದು. ಬದುಕಿರುವವರನ್ನು ಕರೆಸಿ, ಅವರಿಗೆ ಯಾವ ತೊಂದರೆಯೂ ಇಲ್ಲದಿದ್ದರೂ ಕರುಳನ್ನು ಪರೀಕ್ಷಿಸುವುದು. ವಂಶವೃಕ್ಷದಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ಬಣ್ಣ. ಹಾಳೆಗಳು ತುಂಬುತ್ತಿದ್ದಂತೆ ಒಂದು ಲೆಕ್ಕ ಸ್ಪಷ್ಟವಾಯಿತು. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ, ತಲೆಮಾರು ಬಿಟ್ಟು ಬರುವುದೂ ಇಲ್ಲ. ನಾಲ್ವರಲ್ಲಿ ಒಬ್ಬರಷ್ಟು ರೋಗಿಗಳಲ್ಲಿ ಮಾತ್ರ ಹಿಂದೆ ಯಾರಿಗೂ ಇಲ್ಲದ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ; ಮನೆತನದ ಕಥೆ ಅಲ್ಲಿಂದ ಮೊದಲಾಗುತ್ತದೆ.

ಕೊರಳಿನ ಸುಳಿವು

ಕಾಯಿಲೆ ಕರುಳಿಗಷ್ಟೇ ಸೀಮಿತವಲ್ಲ ಎಂಬ ಅರಿವು 20ನೆಯ ಶತಮಾನದ ನಡುಭಾಗದಲ್ಲಿ ಬಂತು. 1949ರಲ್ಲಿ ಅಮೆರಿಕದ ವೈದ್ಯ ಕ್ರೇಲ್ ಒಬ್ಬನೇ ರೋಗಿಯ ಗುದನಾಳ, ಮಿದುಳು, ಥೈರಾಯ್ಡ್ ಮೂರರಲ್ಲೂ ಬೇರೆಬೇರೆ ಕ್ಯಾನ್ಸರ್ ಇದ್ದುದನ್ನು ಪ್ರಕಟಿಸಿದರು. ಪಾಲಿಪೋಸಿಸ್ ಮತ್ತು ಥೈರಾಯ್ಡ್ ಕ್ಯಾನ್ಸರ್ ಜೊತೆಯಾಗಿ ಕಂಡ ಮೊದಲ ವರದಿ ಅದು. ಆಗ ಅದನ್ನು ಅಪರೂಪದ ಕಾಕತಾಳೀಯ ಎಂದು ಬದಿಗಿಡುವುದು ಸಹಜವಾಗಿತ್ತು. ಎರಡೇ ವರ್ಷದಲ್ಲಿ, 1951ರಿಂದ, ಯೂಟಾ ರಾಜ್ಯದ ತಳಿವಿಜ್ಞಾನಿ ಎಲ್ಡನ್ ಗಾರ್ಡ್‌ನರ್ ಒಂದು ದೊಡ್ಡ ಮನೆತನವನ್ನು ಅಭ್ಯಾಸ ಮಾಡಿ, ಪಾಲಿಪ್‌ಗಳ ಜೊತೆಗೆ ಮೂಳೆಯ ಗಂಟುಗಳೂ ಚರ್ಮದಡಿಯ ಗುಳ್ಳೆಗಳೂ ಸಾಗಿ ಬರುವುದನ್ನು ತೋರಿಸಿದರು. ಒಂದೇ ಬೇರಿನಿಂದ ಹಲವು ಅಂಗಗಳಿಗೆ ಕವಲು ಹೊರಡುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿತು. 1968ರಲ್ಲಿ ಈ ಕಾಯಿಲೆಯಿದ್ದ ಇಬ್ಬರು ಸೋದರಿಯರಲ್ಲೂ ಥೈರಾಯ್ಡ್ ಕ್ಯಾನ್ಸರ್ ಕಂಡಾಗ ಕಾಕತಾಳೀಯ ಎನ್ನುವುದು ಕಷ್ಟವಾಯಿತು.

ಈ ನಡುವೆ ಕರುಳಿನ ಚಿಕಿತ್ಸೆ ಮುಂದುವರಿದಿತ್ತು. ಕ್ಯಾನ್ಸರ್ ಬರುವ ಮೊದಲೇ ದೊಡ್ಡಕರುಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ರೂಢಿಗೆ ಬಂತು. 1978ರಲ್ಲಿ ಸೇಂಟ್ ಮಾರ್ಕ್ಸ್‌ನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ ಸಣ್ಣಕರುಳಿನ ತುದಿಯಿಂದಲೇ ಚೀಲವೊಂದನ್ನು ಹೆಣೆದು ಗುದದ್ವಾರಕ್ಕೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಹೊಟ್ಟೆಯ ಮೇಲೆ ಜೀವನಪೂರ್ತಿ ಚೀಲ ಕಟ್ಟಿಕೊಳ್ಳುವ ಅನಿವಾರ್ಯ ಅನೇಕರಿಗೆ ತಪ್ಪಿತು. 40ರೊಳಗೆ ಸಾಯುತ್ತಿದ್ದವರು ಬಹುಕಾಲ ಬದುಕತೊಡಗಿದರು. ಹಾಗೆ ಬದುಕಿದವರಲ್ಲಿ, ಹಿಂದೆ ಕರುಳಿನ ಸಾವು ಮರೆಮಾಡಿದ್ದ ಉಳಿದ ಕಾಯಿಲೆಗಳು ಎಣಿಕೆಗೆ ಸಿಗುವಷ್ಟು ಕಾಣಿಸಿಕೊಂಡವು: ಡುಯೊಡಿನಂ ಎಂಬ ಸಣ್ಣಕರುಳಿನ ಮೊದಲ ಭಾಗದ ಕ್ಯಾನ್ಸರ್, ಹೊಟ್ಟೆಯ ನಾರುಗಂಟುಗಳು, ಥೈರಾಯ್ಡ್ ಕ್ಯಾನ್ಸರ್.

ಎಣಿಕೆಯ ಕೆಲಸ ಮತ್ತೆ ಅದೇ ಪುಸ್ತಕದಿಂದ ಬಂತು. 1987ರಲ್ಲಿ ಸೇಂಟ್ ಮಾರ್ಕ್ಸ್ ದಾಖಲೆಯನ್ನು ಆಧರಿಸಿ ಪ್ಲೇಲ್ ಮತ್ತು ಸಂಗಡಿಗರು ಬರೆದ ಲೇಖನ, ಎಫ್‌ಎಪಿ ಇರುವ 35ಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರಿಗೆ ಥೈರಾಯ್ಡ್ ಕ್ಯಾನ್ಸರ್ ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು 160 ಪಟ್ಟು ಹೆಚ್ಚು ಎಂದು ಅಂದಾಜಿಸಿತು. ಲೇಖಕರ ಸಾಲಿನಲ್ಲಿ ಬಸ್ಸಿ ಅವರ ಹೆಸರೂ ಇತ್ತು. ಹರೆಯದಲ್ಲಿ ಅವರು ಬರೆದಿಡಲು ಶುರುಮಾಡಿದ ವಂಶವೃಕ್ಷಗಳು ಆರು ದಶಕಗಳ ನಂತರ, ಬರೆಯುವಾಗ ಯಾರೂ ಕೇಳದಿದ್ದ ಪ್ರಶ್ನೆಯೊಂದಕ್ಕೆ ಉತ್ತರ ಕೊಟ್ಟವು.

ಜರಡಿ ಮತ್ತು ಹಿಪ್ಪುನೇರಳೆ

1994ರಲ್ಲಿ ರೋಗಶಾಸ್ತ್ರಜ್ಞರಾದ ರೂಬೆನ್ ಹರಾಚ್, ಜೆರೈಂಟ್ ವಿಲಿಯಮ್ಸ್ ಮತ್ತು ಡಿಲ್ವಿನ್ ವಿಲಿಯಮ್ಸ್ ಇನ್ನೊಂದು ಮುಖ್ಯ ಸಂಗತಿಯನ್ನು ಹೊರಗೆಡವಿದರು. ಎಫ್‌ಎಪಿ ರೋಗಿಗಳ ಥೈರಾಯ್ಡ್ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಮಾಮೂಲಿ ಥೈರಾಯ್ಡ್ ಕ್ಯಾನ್ಸರ್‌ನಂತೆ ಇರಲಿಲ್ಲ. ಜೀವಕೋಶಗಳ ಹಾಸು ಜರಡಿಯಂತೆ ತೂತು ತೂತಾಗಿತ್ತು. ನಡುನಡುವೆ ಹಿಪ್ಪುನೇರಳೆ ಹಣ್ಣಿನ ಹಾಗೆ ಒತ್ತೊತ್ತಾಗಿ ಉಂಡೆಗಟ್ಟಿದ ಗುಂಪುಗಳಿದ್ದವು. ಇದಕ್ಕೆ ಆಮೇಲೆ ಬಂದ ಕ್ರಿಬ್ರಿಫಾರ್ಮ್-ಮೊರುಲಾರ್ ಎಂಬ ಲ್ಯಾಟಿನ್ ಮೂಲದ ಹೆಸರಿನ ಅರ್ಥವೂ ಜರಡಿ ಮತ್ತು ಹಿಪ್ಪುನೇರಳೆಯೇ. ಬಹುಕಾಲ ಇದನ್ನು ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್‌ನ ಒಂದು ಉಪಬಗೆ ಎಂದು ಎಣಿಸಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಇದನ್ನು ಸ್ವತಂತ್ರ ಬಗೆಯಾಗಿ ಬೇರ್ಪಡಿಸಿತು.

ಈ ಗುರುತಿನ ಬೆಲೆ ದೊಡ್ಡದು. ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಕರುಳಿನ ಪಾಲಿಪ್‌ಗಳು ಪತ್ತೆಯಾಗುವ ಮೊದಲೇ ಕೊರಳಿನ ಗಂಟು ಕಾಣಿಸಿಕೊಂಡಿರುತ್ತದೆ. ಇಪ್ಪತ್ತರ ಹರೆಯದ ಹೆಣ್ಣುಮಗಳ ಥೈರಾಯ್ಡ್ ತೆಗೆದು ಪರೀಕ್ಷಿಸಿದ ರೋಗಶಾಸ್ತ್ರಜ್ಞರಿಗೆ ಜರಡಿಯೂ ಹಿಪ್ಪುನೇರಳೆಯೂ ಕಂಡರೆ, ಆಕೆಯ ಕರುಳನ್ನು ನೋಡಿಸಿ ಎಂದು ಬರೆಯುವುದು ಅವರ ಕರ್ತವ್ಯದ ಭಾಗವಾಗುತ್ತದೆ. ಭಾರತದ ಆಸ್ಪತ್ರೆಗಳಿಂದಲೂ ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಗಂಟು ಒಂದೇ ಇದ್ದರೆ ಅದು ಆನುವಂಶಿಕವಲ್ಲದ ಪ್ರಕರಣವೂ ಆಗಿರಬಹುದು. ಗ್ರಂಥಿಯ ಎರಡೂ ಕಡೆ ಹಲವು ಗಂಟುಗಳಿದ್ದರೆ ಎಫ್‌ಎಪಿಯ ಅನುಮಾನ ಬಲವಾಗುತ್ತದೆ.

ಐದನೆಯ ವರ್ಣತಂತು

ಮನೆತನದ ದಾಖಲೆ ತೋರಿಸಿದ್ದ ದಾರಿಯಲ್ಲಿ ತಳಿವಿಜ್ಞಾನ 1986ರಿಂದ ವೇಗವಾಗಿ ನಡೆಯಿತು. ಆ ವರ್ಷ ಅಮೆರಿಕದ ಲೆಮ್ಯುಯೆಲ್ ಹೆರೆರಾ ಮತ್ತು ಸಂಗಡಿಗರು, ಪಾಲಿಪೋಸಿಸ್ ಇದ್ದ ರೋಗಿಯೊಬ್ಬರ ಐದನೆಯ ವರ್ಣತಂತುವಿನ ತುಂಡೊಂದು ಇಲ್ಲವಾಗಿರುವುದನ್ನು ಕಂಡರು. ಮರುವರ್ಷ ವಾಲ್ಟರ್ ಬಾಡ್ಮರ್ ಅವರ ತಂಡ ಮನೆತನಗಳ ರಕ್ತದ ಮಾದರಿಗಳಿಂದ ಕಾಯಿಲೆಯ ನೆಲೆ ಅದೇ ವರ್ಣತಂತುವಿನಲ್ಲಿದೆ ಎಂದು ಖಚಿತಪಡಿಸಿತು. 1991ರಲ್ಲಿ ಬರ್ಟ್ ವೋಗಲ್‌ಸ್ಟೈನ್, ಯುಸುಕೆ ನಾಕಾಮುರಾ, ರೇ ವೈಟ್ ಮೊದಲಾದವರ ತಂಡಗಳು ಎಪಿಸಿ ಎಂಬ ವಂಶವಾಹಿಯನ್ನು ಗುರುತಿಸಿದವು.

ಎಪಿಸಿ ವಂಶವಾಹಿ 2,843 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನನ್ನು ಕಟ್ಟುತ್ತದೆ. ಜೀವಕೋಶಕ್ಕೆ ಬೆಳೆ ಎಂದು ಆಜ್ಞೆ ಕೊಡುವ ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಮಿತಿಮೀರಿ ಶೇಖರವಾಗದಂತೆ ಅದು ತಡೆಯುತ್ತದೆ. ಎಪಿಸಿ ಕೆಟ್ಟರೆ ಬೀಟಾ-ಕೆಟೆನಿನ್ ಕೋಶಕೇಂದ್ರದಲ್ಲಿ ತುಂಬಿಕೊಂಡು, ಕೋಶಗಳು ನಿಲ್ಲದೆ ಬೆಳೆಯುತ್ತವೆ. ಕರುಳಿನ ಪಾಲಿಪ್ಪಿಗೂ ಕೊರಳಿನ ಗಂಟಿಗೂ ಇರುವ ಸಮಾನ ಮೂಲ ಇದು. ಥೈರಾಯ್ಡ್ ಕ್ಯಾನ್ಸರ್ ಬಂದ ಎಫ್‌ಎಪಿ ರೋಗಿಗಳಲ್ಲಿ ವಂಶವಾಹಿಯ ದೋಷ ಹೆಚ್ಚಾಗಿ ಅದರ ಮೊದಲರ್ಧದಲ್ಲೇ, 1220ನೆಯ ಸಂಕೇತಸ್ಥಾನಕ್ಕಿಂತ ಮುಂಚೆ ಇರುತ್ತದೆ. 1061ನೆಯ ಸ್ಥಾನದ ದೋಷ ಪದೇಪದೇ ಕಂಡಿದೆ. ಈ ಗಂಟುಗಳ ಕೋಶಗಳಲ್ಲಿ ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳೂ ಧಾರಾಳವಾಗಿರುತ್ತವೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೂ ಹೆಚ್ಚು ಹೆಣ್ಣುಮಕ್ಕಳೇ ಇರುವುದಕ್ಕೂ ಇದಕ್ಕೂ ನಂಟಿರಬೇಕೆಂದು ಸಂಶೋಧಕರು ಭಾವಿಸುತ್ತಾರೆ.

ಪಾಲಿಪ್‌ಗಳನ್ನು ತರುವ ಬೇರೆ ಆನುವಂಶಿಕ ಕಾಯಿಲೆಗಳೂ ಕ್ರಮೇಣ ಬೇರ್ಪಟ್ಟವು. 1963ರಲ್ಲಿ ರೋಗಿಯ ಮನೆತನದ ಹೆಸರಿನಿಂದಲೇ ಕೌಡೆನ್ ಎಂದು ಕರೆಯಲಾದ ಕಾಯಿಲೆಯ ಮೂಲ ಪಿಟಿಇಎನ್ ವಂಶವಾಹಿಯ ದೋಷ ಎಂದು 1997ರಲ್ಲಿ ತಿಳಿಯಿತು. ಅದರಲ್ಲಿ ಥೈರಾಯ್ಡ್ ಕ್ಯಾನ್ಸರ್ ಸಾಧ್ಯತೆ ಎಫ್‌ಎಪಿಗಿಂತಲೂ ಬಹಳ ಹೆಚ್ಚು. ಜೀವಮಾನದಲ್ಲಿ ಮೂವರಲ್ಲಿ ಒಬ್ಬರಿಗೆ ಬರಬಹುದೆಂಬ ಅಂದಾಜಿದೆ. ಆದ್ದರಿಂದ ಆ ಮನೆತನಗಳಲ್ಲಿ 7ನೆಯ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಕೊರಳಿನ ಸ್ಕ್ಯಾನಿಂಗ್ ಮಾಡಿಸಲು ಹೇಳಲಾಗುತ್ತದೆ. 2002ರಲ್ಲಿ ಬ್ರಿಟನ್ನಿನ ಕಾರ್ಡಿಫ್ ತಂಡ ಎಂಯುಟಿವೈಎಚ್ ವಂಶವಾಹಿಯಿಂದ ಬರುವ ಪಾಲಿಪೋಸಿಸ್ ಅನ್ನು ಗುರುತಿಸಿತು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಮಾತ್ರ ಈ ಕಾಯಿಲೆ ತಲೆಯೆತ್ತುತ್ತದೆ.

ಕೈಬೆರಳಿನಿಂದ ಅಲ್ಟ್ರಾಸೌಂಡ್‌ವರೆಗೆ

ಆರಂಭದ ತಪಾಸಣೆ ವೈದ್ಯರ ಬೆರಳುಗಳದ್ದೇ ಆಗಿತ್ತು. ರೋಗಿಯ ಹಿಂದೆ ನಿಂತು, ಎರಡೂ ಕೈಗಳಿಂದ ಕೊರಳನ್ನು ಮುಟ್ಟಿ, ನೀರು ನುಂಗಲು ಹೇಳಿ, ಗಂಟು ಮೇಲಕ್ಕೆ ಸರಿಯುತ್ತದೆಯೇ ಎಂದು ನೋಡುವುದು. ಭಾರತದಲ್ಲಿ ಈ ಪರೀಕ್ಷೆ ಗಳಗಂಡದ ಮೂಲಕ ಪರಿಚಿತವಾಗಿತ್ತು. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ ಅಧ್ಯಯನ ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡ ತಗ್ಗುತ್ತದೆ ಎಂದು ತೋರಿಸಿತು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಕೊರಳಿನ ಊತಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ ಎಂಬ ಅನುಭವವೂ ಆ ಕೆಲಸದಿಂದ ಗಟ್ಟಿಯಾಯಿತು.

1967ರಲ್ಲಿ ಜಪಾನಿನ ಯೋಶಿಹಿಡೆ ಫ್ಯುಜಿಮೊಟೊ ಥೈರಾಯ್ಡ್‌ನ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. ಬೆರಳಿಗೆ ಸಿಗದ ಕೆಲವೇ ಮಿಲಿಮೀಟರ್ ಗಂಟೂ ತೆರೆಯ ಮೇಲೆ ಕಾಣುವ ಕಾಲ ಬಂತು. ಪಾಲಿಪೋಸಿಸ್ ರೋಗಿಗಳ ಮೇಲೆ ಇದರ ಪ್ರಯೋಗದ ಫಲಗಳು 21ನೆಯ ಶತಮಾನದಲ್ಲಿ ದೊರೆತವು. 2007ರ ಒಂದು ಅಮೆರಿಕನ್ ಅಧ್ಯಯನದಲ್ಲಿ 51 ಎಫ್‌ಎಪಿ ರೋಗಿಗಳಲ್ಲಿ ಶೇ. 12ರಷ್ಟು ಜನರಲ್ಲಿ ಥೈರಾಯ್ಡ್ ಕ್ಯಾನ್ಸರ್ ಸಿಕ್ಕಿತು. 2011ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 192 ರೋಗಿಗಳ ಸ್ಕ್ಯಾನಿಂಗ್ ಮಾಡಿದಾಗ 72 ಜನರಲ್ಲಿ ಗಂಟುಗಳಿದ್ದವು, 5 ಜನರಲ್ಲಿ ಕ್ಯಾನ್ಸರ್ ಇತ್ತು. 2015ರಲ್ಲಿ ಅಮೆರಿಕದ ಜಠರಕರುಳು ವೈದ್ಯರ ಸಂಘ ವರ್ಷಕ್ಕೊಮ್ಮೆ ಕೊರಳಿನ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಸಲಹೆ ನೀಡಿತು. ಹದಿಹರೆಯದ ಕೊನೆಯಲ್ಲಿ ಮೊದಲ ಸ್ಕ್ಯಾನಿಂಗ್ ಮಾಡಿಸಿ, ಗಂಟು ಕಾಣದಿದ್ದರೆ 2ರಿಂದ 5 ವರ್ಷಗಳಿಗೊಮ್ಮೆ ಮರುಪರೀಕ್ಷೆ ಸಾಕು ಎಂಬ ಸಡಿಲ ಕ್ರಮವೂ ಬಳಕೆಯಲ್ಲಿದೆ.

ಈ ಸಡಿಲಿಕೆಗೆ ಕಾರಣ ಕೊರಿಯಾದ ಪಾಠದಲ್ಲಿ ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಆರೋಗ್ಯವಂತರೂ ಬೇರೆ ತಪಾಸಣೆಗಳ ಜೊತೆಗೆ ಕೊರಳಿನ ಸ್ಕ್ಯಾನಿಂಗ್ ಮಾಡಿಸತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟಾಯಿತು; ಅದರಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲಿಲ್ಲ. ಎಂದೂ ತೊಂದರೆ ಕೊಡದಿದ್ದ ಪುಟ್ಟ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡು ಜೀವನವಿಡೀ ಮಾತ್ರೆ ನುಂಗುವಂತಾಯಿತು. 2017ರಲ್ಲಿ ಅಮೆರಿಕದ ರೋಗತಡೆ ಸಲಹಾ ಮಂಡಳಿ, ಲಕ್ಷಣಗಳಿಲ್ಲದ ಸಾಮಾನ್ಯ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡವೆಂದಿತು. ಆನುವಂಶಿಕ ಅಪಾಯ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಊರಿಗೆಲ್ಲ ಹಾನಿ ಮಾಡಬಹುದಾದ ಅದೇ ಪರೀಕ್ಷೆ ಗುರುತಿಸಿದ ಕೆಲವೇ ಮನೆಗಳಲ್ಲಿ ಉಪಕಾರಿ. ಯಾರ ಕೊರಳನ್ನು ಪರೀಕ್ಷಿಸಬೇಕು ಎಂದು ಹೇಳುವುದು ವಂಶವೃಕ್ಷವೇ ಹೊರತು ಯಂತ್ರವಲ್ಲ.

ಗಂಟು ಕಂಡರೆ ಅದರ ಗಾತ್ರ, ಅಂಚು, ಸುಣ್ಣದ ಕಣಗಳನ್ನು ನೋಡಿ, ಅನುಮಾನವಿದ್ದರೆ ಸಣ್ಣ ಸೂಜಿಯಿಂದ ಕೋಶಗಳನ್ನು ಹೀರಿ ಪರೀಕ್ಷಿಸಲಾಗುತ್ತದೆ. ಕ್ಯಾನ್ಸರ್ ಎಂದು ಖಚಿತವಾದರೆ, ಎಫ್‌ಎಪಿಯಲ್ಲಿ ಹಲವು ಗಂಟುಗಳಿರುವುದು ಸಾಮಾನ್ಯವಾದ್ದರಿಂದ, ಇಡೀ ಗ್ರಂಥಿಯನ್ನು ತೆಗೆಯುವುದು ವಾಡಿಕೆ. ಬೇಗ ಸಿಕ್ಕಿದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ.

ಕಲಬುರಗಿಯ ನೆಲದಲ್ಲಿ

ಕಲಬುರಗಿ ಸೀಮೆಗೆ ಕ್ಯಾನ್ಸರ್ ಚಿಕಿತ್ಸೆ ಬಹುಕಾಲ ದೂರದ ಊರಿನ ಮಾತಾಗಿತ್ತು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಜಿಲ್ಲೆಯ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದು. ಪಶ್ಚಿಮಕ್ಕೆ ರೈಲು ಹಿಡಿದರೆ ಸೊಲ್ಲಾಪುರ, ಮುಂಬಯಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಆರಂಭವಾದವು. 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಮಹಾದೇವಪ್ಪ ರಾಂಪುರೆ ಅವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ನಗರಕ್ಕೆ ಮೊದಲ ವೈದ್ಯಕೀಯ ಕಾಲೇಜು ಕೊಟ್ಟಿತು. ಅದರ ಬಸವೇಶ್ವರ ಆಸ್ಪತ್ರೆ ಸೇಡಂ ರಸ್ತೆಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮುಂದೆ ಅದರ ಶಾಖೆ ಕಲಬುರಗಿಗೂ ಬಂತು. ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2013ರಲ್ಲಿ ತೆರೆಯಿತು. ಹುಮನಾಬಾದ್ ರಸ್ತೆಯ ಕಮಲಾಪುರದವರಿಗೂ, ಶರಣಬಸವೇಶ್ವರ ಗುಡಿಯಿರುವ ಬ್ರಹ್ಮಪುರದವರಿಗೂ ಇಂದು ಕೊಲೊನೊಸ್ಕೋಪಿ, ಕೊರಳಿನ ಸ್ಕ್ಯಾನಿಂಗ್, ಸೂಜಿ ಪರೀಕ್ಷೆ ನಗರದಲ್ಲೇ ಸಿಗುತ್ತವೆ. ವಂಶವಾಹಿ ಪರೀಕ್ಷೆಗೆ ರಕ್ತದ ಮಾದರಿ ದೊಡ್ಡ ನಗರದ ಪ್ರಯೋಗಾಲಯಕ್ಕೆ ಹೋಗಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ದಾಖಲಾತಿ 1982ರ ಜನವರಿ 1ರಿಂದ ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಎಣಿಕೆ ಶುರುಮಾಡಿತು. ಅದು ರೋಗಿಗಳ ಎಣಿಕೆ. ಸೇಂಟ್ ಮಾರ್ಕ್ಸ್ ಪುಸ್ತಕದಂತೆ ಮನೆತನಗಳ ಎಣಿಕೆಯಲ್ಲ. 2016ರಿಂದ ಸರ್ಕಾರ 30 ದಾಟಿದವರಿಗಾಗಿ ರೂಪಿಸಿದ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿವೆ. ಹದಿಹರೆಯದಲ್ಲೇ ಶುರುವಾಗುವ ಪಾಲಿಪೋಸಿಸ್ ಆ ಬಲೆಗೆ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಕೊರಳಿನ ತಪಾಸಣೆ ಯಾರಿಗೆ ಬೇಕು ಎಂಬುದು ಮೊದಲ ರೋಗಿಯ ಮುಂದೆ ಕುಳಿತ ವೈದ್ಯರು ಕೇಳುವ ಪ್ರಶ್ನೆಗಳಿಂದಲೇ ತಿಳಿಯಬೇಕು.

ವಂಶಾವಳಿ ಬರೆದಿಡುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಊರೂರು ತಿರುಗುವ ಹೆಳವರು ರೈತಾಪಿ ಮನೆತನಗಳ ತಲೆಮಾರುಗಳನ್ನು ಬರೆದಿಟ್ಟು, ಮನೆಬಾಗಿಲಿಗೆ ಬಂದು ಹೇಳಿ, ಕಾಳುಕಡಿ ಪಡೆದು ಹೋಗುವ ಪದ್ಧತಿ ತಲೆತಲಾಂತರದಿಂದ ಇದೆ. ಮೂಲ ಊರು, ವಲಸೆ, ಹಿರಿಯರ ಹೆಸರು ಆ ಹೊತ್ತಿಗೆಗಳಲ್ಲಿರುತ್ತವೆ. ಎಳೆ ಮುಖ್ಯವಾಗಿ ತಂದೆಯ ಕಡೆಯದು. ಎಪಿಸಿ ವಂಶವಾಹಿಯ ದಾರಿ ಬೇರೆ: ಅದು ಮಗನಷ್ಟೇ ಮಗಳ ಮೂಲಕವೂ ಸಾಗುತ್ತದೆ, ಕೊರಳಿನ ಕಾಯಿಲೆಯಂತೂ ಹೆಣ್ಣುಮಕ್ಕಳನ್ನೇ ಹುಡುಕುತ್ತದೆ. ಬೇರೆ ಊರಿಗೆ ಕೊಟ್ಟ ಮಗಳ, ಆಕೆಯ ಮಕ್ಕಳ ವಿವರವಿಲ್ಲದ ವಂಶವೃಕ್ಷ ಈ ತಪಾಸಣೆಗೆ ಅರ್ಧ ಮಾತ್ರ ನೆರವಾಗುತ್ತದೆ.

ಸಂಬಂಧದಲ್ಲೇ ಮದುವೆ ಮಾಡುವ ರೂಢಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗದಷ್ಟು ರಕ್ತಸಂಬಂಧದಲ್ಲಿ ಆಗುತ್ತವೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ಹಳೆಯ ವಾಡಿಕೆ. ಎಪಿಸಿ ದೋಷ ಒಬ್ಬರಿಂದ ಬಂದರೂ ಸಾಕಾದ್ದರಿಂದ ಅದಕ್ಕೆ ಈ ರೂಢಿ ಅಷ್ಟಾಗಿ ಸಂಬಂಧಿಸಿಲ್ಲ. ಎರಡೂ ಕಡೆಯಿಂದ ಬರಬೇಕಾದ ಎಂಯುಟಿವೈಎಚ್ ದೋಷಕ್ಕೆ ಮಾತ್ರ ಅಂಥ ಮದುವೆಗಳಲ್ಲಿ ಜೋಡಿಯಾಗುವ ಅವಕಾಶ ಹೆಚ್ಚು. ತಂದೆತಾಯಿ ಇಬ್ಬರೂ ಆರೋಗ್ಯವಾಗಿದ್ದು, ಒಡಹುಟ್ಟಿದ ಇಬ್ಬರಲ್ಲಿ ಪಾಲಿಪ್‌ಗಳು ಕಂಡರೆ, ಹಿರಿಯರ ನಡುವಿನ ನಂಟನ್ನು ಕೇಳುವುದು ರೋಗನಿರ್ಣಯದ ಭಾಗ.

ಹೀಗೆ ಪೂರ್ಣವಾದ ತಪಾಸಣೆಗೆ ಒಂದು ಕ್ರಮವಿದೆ. ಮೊದಲ ರೋಗಿಯಿಂದ ತಂದೆಯ ಕಡೆ, ತಾಯಿಯ ಕಡೆ ಎರಡನ್ನೂ ಬರೆದುಕೊಳ್ಳುವುದು. ಮಕ್ಕಳಿಗೆ 10ರಿಂದ 12ನೆಯ ವಯಸ್ಸಿನಲ್ಲಿ ಕರುಳಿನ ಪರೀಕ್ಷೆ ಆರಂಭಿಸುವುದು. ಹದಿಹರೆಯದ ಕೊನೆಯಿಂದ ಕೊರಳನ್ನು ಸ್ಕ್ಯಾನಿಂಗ್‌ಗೆ ಸೇರಿಸುವುದು. ಹರೆಯದ ಹೆಣ್ಣುಮಗಳ ಥೈರಾಯ್ಡ್‌ನಲ್ಲಿ ಜರಡಿ-ಹಿಪ್ಪುನೇರಳೆಯ ಗುರುತು ಕಂಡರೆ ಅದೇ ಹಾದಿಯನ್ನು ಹಿಂದಿನಿಂದ ಹಿಡಿದು ಕರುಳಿಗೆ ಹೋಗುವುದು. ಇದರಲ್ಲಿ ದುಬಾರಿಯಲ್ಲದ ಕೆಲಸ ಮೊದಲನೆಯದು, ಬಿಟ್ಟುಹೋಗುವುದೂ ಅದೇ. ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಸೀಮೆ ಇದು. ಜೋಕಾಲಿ ಕಟ್ಟುವ ಆ ನಾಲ್ಕು ದಿನಗಳಲ್ಲಿ ಅಜ್ಜಿಯನ್ನು ಕೇಳಿದರೆ, ಯಾರು ಹೊಟ್ಟೆಯ ಬೇನೆಯಿಂದ ಸಣ್ಣ ವಯಸ್ಸಿಗೇ ಹೋದರು, ಯಾರ ಕೊರಳಿನಲ್ಲಿ ಗಂಟಿತ್ತು ಎಂಬ ವಿವರ ಸಿಗುತ್ತದೆ. ಅದನ್ನು ಹಾಳೆಗಿಳಿಸಿ ವೈದ್ಯರ ಕೈಗೆ ಕೊಟ್ಟರೆ, 1924ರಲ್ಲಿ ಲಂಡನ್ನಿನಲ್ಲಿ ತೆರೆದ ಪುಸ್ತಕದ ಮೊದಲ ಪುಟ ಆ ಮನೆಯಲ್ಲೂ ಬರೆದಂತಾಗುತ್ತದೆ.